ಮೂವತ್ತನಾಲ್ಕನೇ ಗೂಟ

ನಮ್ಮೂರಿನವರಿಗೆ ಮರೆವು ಹೆಚ್ಚು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮೂವತ್ತು ವರ್ಷದ ಹಿಂದೆ ಮದುವೆಯೂಟದಲ್ಲಿ ಎರಡನೇ ಸಲ ಪಾಯಸ ಬಡಿಸದೆ ಎಲೆ ದಾಟಿಕೊಂಡು ಹೋದವನ ಹೆಸರನ್ನು, ಅವನ ಪಂಚೆಯ ಅಂಚಿನ ಬಣ್ಣ ಸಮೇತ ಹೇಳುತ್ತಾರೆ. ನೆಲದ ವಿಷಯದಲ್ಲಿ ಮಾತ್ರ ತಲೆ ಖಾಲಿ. ಮುಂಗಾರಿನ ಮೊದಲ ಮಳೆ ಬಿದ್ದ ದಿನ, ನೆಲ ಹಿಂದೆ ಹೇಗಿತ್ತು ಎಂಬುದೆಲ್ಲ ಎಲ್ಲರ ಮನಸ್ಸಿನಿಂದ ತೊಳೆದುಹೋಗುತ್ತದೆ. ಆವತ್ತು ಕಣ್ಣಿಗೆ ಕಾಣುವುದೇ ಎಂದಿನಿಂದಲೂ ಇದ್ದದ್ದು. ಹೋದ ವಾರ ಕಡಿದ ಹುಣಸೆಮರ ಇರಲೇ ಇಲ್ಲ, ಮುಚ್ಚಿದ ಬಾವಿಯನ್ನು ಯಾರೂ ತೋಡಿರಲೇ ಇಲ್ಲ. ಮಳೆ ನಿಂತ ಮೇಲೆ ಜನ ಜಗಲಿಗೆ ಬಂದು ಕೂತು, ಹಳೆಯ ಜಗಳಗಳನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಮುಂದುವರಿಸುತ್ತಾರೆ.

ಇದಕ್ಕೆ ಊರು ಹೊಂದಿಕೊಂಡಿರುವ ರೀತಿ ನೋಡಿದರೆ ನಗು ಬರುತ್ತದೆ. ಕೆಳಗಾವಲು ಎಂದು ನಾವು ಕರೆಯುವ ಒಣ ಬಯಲಿನ ನಡುವೆ ಮೂರು ಕಮಾನಿನ ಸೇತುವೆಯೊಂದು ನಿಂತಿದೆ. ಅದು ಯಾಕಿದೆ ಎಂದು ಕೇಳಿ, ಕುರಿಗಳಿಗೆ ನೆರಳಾಗಲಿ ಎಂದು ಹಿರಿಯರು ಕಟ್ಟಿಸಿದ್ದು ಎನ್ನುತ್ತಾರೆ. ಕೆಲವರ ಮನೆಯ ಮದುವೆ ಫೋಟೋದಲ್ಲಿ ಹೆಣ್ಣುಗಂಡಿನ ಹಿಂದೆ ನೀರು ತುಂಬಿ ನಿಂತು ತಾವರೆ ಅರಳಿವೆ. ಅದು ಸ್ಟುಡಿಯೋದವನ ಪರದೆಯಂತೆ. ಪರದೆಯ ಮೇಲಿನ ಕೊಕ್ಕರೆ ಮದುಮಗನ ಪೇಟದ ಮೇಲೆ ಹೇಗೆ ಕೂತಿತು ಎಂದು ಇದುವರೆಗೂ ಯಾರೂ ಕೇಳಿಲ್ಲ.

ಜಗಳದ ವಿಷಯಕ್ಕೆ ಬಂದರೆ ಇದೇ ಜನ ಬಹಳ ಚೊಕ್ಕ. ಯಾರು ಏನಂದರು ಎಂಬುದು ಮರೆಯುವುದಿಲ್ಲ, ಎಲ್ಲಿ ನಿಂತು ಅಂದರು ಎಂಬುದು ಮರೆತುಹೋಗಬಾರದಲ್ಲ. ಅದಕ್ಕೆ ಜಗಳಗಲ್ಲು. ಅನ್ನಿಸಿಕೊಂಡವರು ಅದೇ ಜಾಗದಲ್ಲಿ ಮೊಳಕಾಲೆತ್ತರದ ಕಲ್ಲು ನೆಡಿಸಿ, ಆಡಿದ ಮಾತನ್ನು ಅಕ್ಷರಕ್ಕಕ್ಷರ ಕೆತ್ತಿಸುತ್ತಾರೆ. ಅದರ ಸುತ್ತ ಇಪ್ಪತ್ತು ಹೆಜ್ಜೆಯೊಳಗೆ ಯಾರೂ ಏನೂ ಕಟ್ಟುವ ಹಾಗಿಲ್ಲ, ಕಲ್ಲನ್ನು ಅಲುಗಿಸುವ ಹಾಗಂತೂ ಇಲ್ಲವೇ ಇಲ್ಲ. ಊರಿಗೆ ಬರುವ ಬಸ್ಸು ಮೂರು ಕಡೆ ಸುಮ್ಮನೆ ಸುತ್ತು ಹಾಕುವುದು ಇದೇ ಕಾರಣಕ್ಕೆ. ಹಬ್ಬದ ಹಿಂದಿನ ದಿನ ಮನೆಮಂದಿಯೆಲ್ಲ ಹೋಗಿ ತಮ್ಮ ತಮ್ಮ ಕಲ್ಲುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಬರುತ್ತಾರೆ.

ನನ್ನ ಕೆಲಸ ಎಣಿಕೆ. ಊರ ಸುತ್ತಲ ನೆಲದಲ್ಲಿ ಅರವತ್ತು ಮರದ ಗೂಟಗಳಿವೆ. ವರ್ಷಕ್ಕೆ ಎರಡು ಸಲ, ಮೊದಲ ಮಳೆಯಾದ ಹದಿನೈದು ದಿನಕ್ಕೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಪ್ರತಿ ಗೂಟದ ಬುಡದಲ್ಲೂ ಗಾಡಿಚಕ್ರದ ಕಬ್ಬಿಣದ ಪಟ್ಟಿ ಇಟ್ಟು ಅದರೊಳಗೆ ಬೆಳೆದ ಹುಲ್ಲು, ಗಿಡ, ಹುಳುಗಳನ್ನು ಎಣಿಸಬೇಕು. ನೀರು ಎಷ್ಟು ನಿಂತಿದೆ, ತೇವ ಎಷ್ಟು ಆಳದಲ್ಲಿದೆ ಎಂದು ಕೋಲು ಹಾಕಿ ಅಳೆಯಬೇಕು. ನನಗಿಂತ ಮುಂಚೆ ಮುರಿಗೆಪ್ಪನವರು ಇಪ್ಪತ್ತೊಂಬತ್ತು ವರ್ಷ ಎಣಿಸಿದರು. ಈಗ ಹೇಳುವ ಸಂಗತಿ ನಡೆದಾಗ ನಾನು ಎಣಿಸಲು ಶುರು ಮಾಡಿ ಇಪ್ಪತ್ತಮೂರು ವರ್ಷವಾಗಿತ್ತು. ಐವತ್ತೆರಡು ವರ್ಷದ ಪುಸ್ತಕಗಳು ನನ್ನ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಊರಿನವರಿಗಿಂತ ನಾನೇನೂ ಮೇಲಲ್ಲ, ನನಗೂ ಮರೆತುಹೋಗುತ್ತದೆ. ಆದರೆ ನಾನು ನನ್ನ ಅಕ್ಷರವನ್ನು ನಂಬುತ್ತೇನೆ. ವ್ಯತ್ಯಾಸ ಇರುವುದು ಅಷ್ಟರಲ್ಲೇ.

ಆ ವರ್ಷ ಬೇಸಿಗೆಯಲ್ಲಿ ಮನೆಯಿಲ್ಲದ ಎಂಟು ಕುಟುಂಬಗಳಿಗೆ ಸೈಟು ಕೊಡಬೇಕೆಂದು ಸಮಿತಿ ಕೂತಿತು. ಆ ಎಂಟರಲ್ಲಿ ನನ್ನ ತಂಗಿ ಚೆನ್ನಾಜಿಯೂ ಒಬ್ಬಳು. ಹನ್ನೊಂದು ವರ್ಷದಿಂದ ಅವಳು, ಅವಳ ಗಂಡ, ಎರಡು ಹೆಣ್ಣುಮಕ್ಕಳು ಗಂಡನ ಅಣ್ಣನ ಮನೆಯ ಪಡಸಾಲೆಯಲ್ಲಿ ಹಳೇ ಸೀರೆ ಕಟ್ಟಿ ಮರೆ ಮಾಡಿಕೊಂಡು ಬದುಕುತ್ತಿದ್ದರು. ಸೈಟಿನ ಸುದ್ದಿ ಬಂದದ್ದೇ ತಡ, ಚೆನ್ನಾಜಿ ಯಾರೋ ಕೆಡವಿದ ಮನೆಯದೊಂದು ಬಾಗಿಲನ್ನು ಚೌಕಟ್ಟು ಸಮೇತ ತಂದು ಗೋಡೆಗೆ ಒರಗಿಸಿಟ್ಟಳು. ದಿನಾ ಬೆಳಿಗ್ಗೆ ಅದರ ಹೊಸ್ತಿಲು ತೊಳೆದು ರಂಗೋಲಿ ಹಾಕುತ್ತಿದ್ದಳು. ಹಿಂದೆ ಮನೆಯೇ ಇಲ್ಲದ ಬಾಗಿಲು. 

ಸಮಿತಿಯ ಅಧ್ಯಕ್ಷ ಪಾಲಾಕ್ಷಪ್ಪ ಆರಿಸಿದ ಜಾಗ ಕೆಳಗಾವಲು. ಊರಿನ ಮೇಲುಗಡೆ ದಿಣ್ಣೆ ಖಾಲಿ ಬಿದ್ದಿತ್ತು, ಆದರೆ ಅಲ್ಲಿ ಅವನ ತಂದೆಯ ಹೆಸರಿನಲ್ಲಿ ಸಮುದಾಯ ಭವನ ಬರಬೇಕಿತ್ತು. ನೆಲ ಹಂಚುವ ಮುಂಚೆ ದೀರ್ಘಕಾಲದ ಎಣಿಕೆಯನ್ನು ನೋಡಿಯೇ ತೀರ್ಮಾನಿಸಬೇಕು, ಎಣಿಸುವವರ ಸಹಿ ಇರಬೇಕು ಎಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಿದ್ದರಿಂದ ನನ್ನನ್ನೂ ಕರೆದರು. ಇಲ್ಲದಿದ್ದರೆ ನನ್ನ ನೆನಪು ಅವರಿಗೆ ಯಾಕೆ ಬರುತ್ತಿತ್ತು.

ನಾನು ಪುಸ್ತಕ ತೆಗೆದು ಓದಿದೆ. ಕೆಳಗಾವಲಿನಲ್ಲಿರುವುದು ಮೂವತ್ತೊಂದರಿಂದ ಮೂವತ್ತೆಂಟರವರೆಗಿನ ಗೂಟಗಳು. ಐವತ್ತೆರಡು ವರ್ಷದಲ್ಲಿ ಆರು ಸಲ ಅಲ್ಲಿ ಎದೆಮಟ್ಟ ನೀರು ಬಂದು ಮೂರು ತಿಂಗಳು ನಿಂತಿದೆ. ಏಳು ವರ್ಷಕ್ಕೋ, ಎಂಟಕ್ಕೋ, ಹತ್ತಕ್ಕೋ ಒಮ್ಮೆ. ಕೊನೆಯ ಸಲ ಬಂದು ಏಳು ವರ್ಷವಾಗಿದೆ. ಇನ್ನು ಎರಡು ಮೂರು ವರ್ಷದೊಳಗೆ ಮತ್ತೆ ಬರುತ್ತದೆ. ಮನೆಗಳನ್ನು ದಿಣ್ಣೆಯ ಮೇಲೆ ಕಟ್ಟಿ.

ಪಾಲಾಕ್ಷಪ್ಪ ತಾಳ್ಮೆಯಿಂದ ಕೇಳಿದ. ಆಮೇಲೆ ಸಭೆಯ ಕಡೆ ತಿರುಗಿ, "ಕೆಳಗಾವಲಲ್ಲಿ ನೀರು ನಿಂತಿದ್ದನ್ನ ಕಣ್ಣಾರೆ ಕಂಡೋರು ಕೈ ಎತ್ತಿ" ಅಂದ.

ಒಂದು ಕೈಯೂ ಮೇಲೇಳಲಿಲ್ಲ. ನನ್ನ ಕೈಯೂ ಏಳಲಿಲ್ಲ, ನನಗೆಲ್ಲಿ ನೆನಪಿದೆ.

"ನೋಡಮ್ಮ ಹಾಲಮ್ಮ, ನೀನು ಐವತ್ತೆರಡು ವರ್ಷ ಅಂತೀಯ. ಇಲ್ಲಿ ಎಪ್ಪತ್ತು ವರ್ಷ ಆದೋರು ಒಂಬತ್ತು ಜನ ಕೂತವ್ರೆ. ಇಷ್ಟೂ ಜನ ಕುರುಡರಾ?"

"ಕುರುಡರಲ್ಲ, ಮರೆತೋರು. ಸೇತುವೆ ಯಾಕಿದೆ ಅಂತ ಒಂದ್ಸಲ ಯೋಚನೆ ಮಾಡಿ."

"ಅದು ಕುರಿಗಳಿಗೆ ಅಂತ ಎಲ್ಲರಿಗೂ ಗೊತ್ತು" ಅಂದರು ಮೂರು ಜನ ಒಟ್ಟಿಗೆ.

ಬಹುಮತದಿಂದ ನೀರು ಇಲ್ಲವೆಂದು ತೀರ್ಮಾನವಾಯಿತು. ನಾನು ಸಹಿ ಹಾಕಲಿಲ್ಲ. ಹೊರಗೆ ಬಂದಾಗ ಚೆನ್ನಾಜಿ ನನಗಾಗಿ ಕಾದು ನಿಂತಿದ್ದಳು. "ಅಕ್ಕಾ, ನಿಂಗೆ ಮನೆ ಐತೆ. ಅದಕ್ಕೆ ನಿಂಗೆ ಪುಸ್ತಕ ದೊಡ್ಡದು" ಅಂದಳು. ನಾನು ಅವಳ ಕೈ ಹಿಡಿದು, ಮಕ್ಕಳನ್ನು ಕಟ್ಟಿಕೊಂಡು ನೀರಿನಲ್ಲಿ ನಿಲ್ಲುತ್ತೀಯ, ಒಂದೇ ವರ್ಷದಲ್ಲಿ ಮಣ್ಣಿನ ಗೋಡೆ ಕರಗುತ್ತದೆ, ಇರುವ ಮೂರು ಪಾತ್ರೆಯೂ ತೇಲಿಹೋಗುತ್ತವೆ ಎಂದು ಬಿಡಿಸಿ ಹೇಳಿದೆ. ಅವಳು ಕೈ ಬಿಡಿಸಿಕೊಂಡಳು.

ಮೊದಲ ಮಳೆ ಬಂತು. ಹದಿನೈದು ದಿನಕ್ಕೆ ನಾನು ಎಣಿಕೆಗೆ ಹೊರಟೆ. ಮೂವತ್ತು ಗೂಟ ಮುಗಿಸಿ ಮೂವತ್ತೊಂದಕ್ಕೆ ದಿಣ್ಣೆ ಹತ್ತಿದೆ. ಹತ್ತುವಾಗ ನನಗೇನೂ ವಿಚಿತ್ರ ಅನ್ನಿಸಲಿಲ್ಲ, ಆ ಎಂಟು ಗೂಟಗಳು ಎಂದಿನಿಂದಲೂ ದಿಣ್ಣೆಯ ಮೇಲೆಯೇ ಇದ್ದವಲ್ಲ. ಮೊದಲ ಮೂರರಲ್ಲಿ ಕಂಡದ್ದನ್ನು ಹಳೆಯ ಸಾಲು ನೋಡದೆ ಬರೆದುಕೊಂಡು, ಮೂವತ್ತನಾಲ್ಕನೇ ಗೂಟದ ಬುಡದಲ್ಲಿ ಪಟ್ಟಿ ಇಟ್ಟು ಕೂತೆ. ಪಕ್ಕದಲ್ಲಿ ಪುಸ್ತಕ ತೆರೆದಿತ್ತು. ಹೋದ ವರ್ಷದ ಸಾಲಿನಲ್ಲಿ ಜೇಕು, ಒಂದೆಲಗ, ಬಸವನಹುಳುವಿನ ಚಿಪ್ಪು ಹದಿನಾಲ್ಕು. ಅದರ ಹಿಂದಿನ ವರ್ಷವೂ ಅವೇ. ಮುರಿಗೆಪ್ಪನವರ ಕಾಲದಲ್ಲೂ ಅವೇ. ಎಲ್ಲ ಹಸಿ ನೆಲದ ಸರಕು. ಈಗ ಪಟ್ಟಿಯೊಳಗೆ ಇದ್ದದ್ದು ಕಲ್ಲು, ಮತ್ತು ಮಣಿಕಟ್ಟಿನಷ್ಟು ದಪ್ಪ ಕಾಂಡದ ತಂಗಡಿ ಗಿಡ. ತಂಗಡಿ ಒಣ ನೆಲದ್ದು, ಒಂದು ವರ್ಷದಲ್ಲಿ ಅಷ್ಟು ದಪ್ಪವಾಗುವುದೂ ಇಲ್ಲ.

 ಗೂಟವನ್ನು ಅಲುಗಿಸಿ ನೋಡಿದೆ, ಹಲ್ಲು ಬಿದ್ದ ಹಾಗೆ ಸಲೀಸಾಗಿ ಎದ್ದು ಬಂತು. ಅದರ ಮೈಮೇಲೆ ಎದೆಯೆತ್ತರದಲ್ಲಿ ಒಂದರ ಮೇಲೊಂದು ನೀರು ನಿಂತ ಆರು ಕರೆಗಳಿದ್ದವು. ಕೆಳಗಾವಲಿಗೆ ಓಡಿದೆ. ಸಡಿಲ ಮಣ್ಣು ತುಂಬಿದ ಎಂಟು ಗುಂಡಿಗಳು ಸಿಕ್ಕವು, ಸುತ್ತ ಜೇಕು ಹುಲ್ಲು, ಬಸವನಹುಳುವಿನ ಚಿಪ್ಪು. ಮಳೆ ಬರುವ ಮುಂಚೆಯೇ ಯಾರೋ ಗೂಟಗಳನ್ನು ಕಿತ್ತು ಮೇಲೆ ನೆಟ್ಟಿದ್ದರು, ಮಿಕ್ಕ ಕೆಲಸವನ್ನು ಮಳೆ ಮಾಡಿತ್ತು. ಈ ಊರಿನಲ್ಲಿ ಜಾಗಕ್ಕೆ ಇರುವ ಗುರುತೆಲ್ಲ ಗೂಟದ ನಂಬರು. ನಂಬರನ್ನು ಎತ್ತಿ ಬೇರೆ ಕಡೆ ಇಟ್ಟರೆ ಐವತ್ತೆರಡು ವರ್ಷದ ನೀರೂ ಅದರ ಹಿಂದೆಯೇ ಹೋಗುತ್ತದೆ.

ಕಿತ್ತ ಗೂಟ, ತಂಗಡಿಯ ಒಂದು ಕಾಂಡ, ಕೆಳಗಾವಲಿನ ಚಿಪ್ಪು ಹೊತ್ತುಕೊಂಡು ನೇರ ಪಾಲಾಕ್ಷಪ್ಪನ ಮನೆಗೆ ಹೋದೆ. ಅವನು ಬಹಳ ಮರ್ಯಾದೆಯಿಂದ ಕೂರಿಸಿ ಕಾಫಿ ಕೊಡಿಸಿದ. "ಈ ಸಲ ನಿನ್ ಪುಸ್ತಕದ ಪ್ರಕಾರಾನೇ ಹೋಗ್ತಾ ಇದೀವಿ ಕಣಮ್ಮ. ಮೂವತ್ತೊಂದರಿಂದ ಮೂವತ್ತೆಂಟು ನೀರು ನಿಲ್ಲೋ ಜಾಗ ಅಂತ ನೀನೇ ಬರೆದಿದೀಯ. ಅವು ದಿಣ್ಣೆ ಮೇಲವೆ. ಅದಕ್ಕೇ ಬಡವರ ಮನೆ ದಿಣ್ಣೆ ಮೇಲೆ ಬೇಡ, ಕೆಳಗಾವಲಲ್ಲಿ ಕ್ಷೇಮವಾಗಿರಲಿ ಅಂತ."

"ಗೂಟ ಕೀಳಿಸಿದೋರು ಯಾರು ಪಾಲಾಕ್ಷಪ್ಪ?"

"ನಾನೇ ಇಬ್ಬರನ್ನ ಹಾರೆ ಕೊಟ್ಟು ಕಳಿಸಿದ್ದೆ, ನೆನಪೈತೆ. ಯಾಕೆ ಅಂತ ನೆನಪಿಲ್ಲ. ಸಡಿಲ ಆಗಿದ್ವೇನೋ, ಭದ್ರ ಮಾಡಿಸಿರ್ತೀನಿ."

ಅವನ ಮುಖ ನೋಡಿದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಮೋಸ ಮಾಡಿ ಅದನ್ನು ಪ್ರಾಮಾಣಿಕವಾಗಿ ಮರೆತುಬಿಡುವ ಅನುಕೂಲ ಅವನಿಗಿತ್ತು. ಗೂಟದ ಮೇಲಿನ ಕರೆ ತೋರಿಸಿದೆ, ತಂಗಡಿಯ ಕಾಂಡ ತೋರಿಸಿದೆ, ಚಿಪ್ಪು ತೋರಿಸಿದೆ. "ಹೌದಮ್ಮ, ದಿಣ್ಣೆ ಮೇಲೆ ಎಷ್ಟು ನೀರು ಬರುತ್ತೆ ನೋಡು" ಅಂದ. "ಭವನಕ್ಕೆ ಆರಡಿ ಎತ್ತರದ ಕಟ್ಟೆ ಹಾಕಿಸ್ತೀನಿ." ಗುಡ್ಡದ ನೆತ್ತಿಯ ಮೇಲೆ ನೆರೆಗೆ ಹೆದರಿ ಆರಡಿ ಕಟ್ಟೆ. ಇಂಥವನ ಮುಂದೆ ಪುಸ್ತಕ ಬಿಚ್ಚಿಕೊಂಡು ನಿಂತದ್ದಕ್ಕೆ ನನ್ನ ಮೇಲೇ ನನಗೆ ಅಸಹ್ಯವಾಯಿತು.

ನನ್ನ ಸಹಿಯೂ ಬೇಕಾಗಲಿಲ್ಲ. ಪುಸ್ತಕವೇ ಹೇಳಿರುವಾಗ ಸಹಿ ಯಾಕೆ ಎಂದು ಸಮಿತಿ ಬರೆದುಕೊಂಡಿತು. ಶುಕ್ರವಾರ ಬೆಳಿಗ್ಗೆ ಗುದ್ದಲಿ ಪೂಜೆ ಎಂದು ಡಂಗುರ ಹೊಡೆಸಿದರು.

ಮೂರು ದಿನ ಯೋಚಿಸಿದೆ. ಮರದ ಗೂಟವನ್ನು ಯಾರು ಬೇಕಾದರೂ ಕೀಳುತ್ತಾರೆ, ಬರೆದದ್ದನ್ನು ಯಾರೂ ಓದುವುದಿಲ್ಲ, ಓದಿದರೆ ತಲೆಕೆಳಗಾಗಿ ಓದುತ್ತಾರೆ. ಈ ಊರು ಕಿತ್ತು ಎಸೆಯದ ಗುರುತು ಒಂದೇ ಒಂದು. ಮೂರನೇ ದಿನ ರಾತ್ರಿ ಊಟಕ್ಕೆ ಕೂತಾಗ ಏನು ಮಾಡಬೇಕೆಂದು ಗೊತ್ತಾಯಿತು.

ಶುಕ್ರವಾರ ಎಂಟು ಸೈಟಿನಲ್ಲೂ ಸುಣ್ಣದ ಗೆರೆ ಎಳೆದಿದ್ದರು. ಒಂದೊಂದು ಸೈಟಿನ ನಡುವೆ ಒಂದೊಂದು ಕುಟುಂಬ ಹೊಸ ಬಟ್ಟೆ ಉಟ್ಟು, ತೆಂಗಿನಕಾಯಿ ಹಿಡಿದು ನಿಂತಿತ್ತು. ನಾನು ಒಂದನೇ ಸೈಟಿನಿಂದ ಶುರು ಮಾಡಿದೆ. ಗಿರಣಿ ಮಲ್ಲೇಶನಿಗೆ, "ಹೆಂಗಸರ ಸೇರು ರಾಗೀಲಿ ಹಿಡಿ ಹಿಟ್ಟು ಕದ್ದು ಬೆಳೆಸಿದ ಹೊಟ್ಟೆ ಕಣೋ ಇದು, ಇದಕ್ಕೆ ಬೇರೆ ಮನೆ ಬೇಕಾ?" ಅಂದೆ. ಅವನ ಹೆಂಡತಿಯ ಕೈಯಿಂದ ಕಾಯಿ ಬಿತ್ತು. ಎರಡನೇ ಸೈಟಿನ ಸರೋಜಿಗೆ ಅವಳ ಮಗಳ ಗಂಡ ಹಬ್ಬಕ್ಕೂ ಯಾಕೆ ಬರುವುದಿಲ್ಲ ಎಂದು ಹೇಳಿದೆ. ಮೂರನೆಯವನು ನನಗೆ ಒಳ್ಳೆಯ ಗೆಳೆಯ, ಅವನನ್ನು ಬೈಯಲು ಎಷ್ಟು ಹೊತ್ತು ಬೇಕಾಯಿತು ಎಂದರೆ ಅವನೇ ಗಾಬರಿಯಾಗಿ "ಏನಾಯ್ತು ಹಾಲಕ್ಕ?" ಎಂದ. ಆಗ ಬೈದೆ. ಬೈಗುಳ ಕಲ್ಲಿನ ಮೇಲೆ ನಿಲ್ಲಬೇಕಾದರೆ ಅದು ನೋಯಬೇಕು, ನೋಯಬೇಕಾದರೆ ಅದರಲ್ಲಿ ಒಂದಿಷ್ಟು ನಿಜ ಇರಬೇಕು. ಸುಮ್ಮನೆ ಕತ್ತೆ ನಾಯಿ ಎಂದರೆ ಯಾರೂ ಕಲ್ಲು ನೆಡಿಸುವುದಿಲ್ಲ.

ನಾಲ್ಕನೆಯದು ಚೆನ್ನಾಜಿಯದು. ಮೂವತ್ತನಾಲ್ಕನೇ ಗೂಟದ ಗುಂಡಿ ಅವಳ ಪಾದದ ಪಕ್ಕದಲ್ಲೇ ಇತ್ತು. ಅಷ್ಟರಲ್ಲಿ ಜನ ನನ್ನ ಹಿಂದೆ ಗುಂಪಾಗಿ ಬರುತ್ತಿದ್ದರು. ಚೆನ್ನಾಜಿ ನನ್ನನ್ನು ನೋಡಿ ಮೆಲ್ಲಗೆ, "ಅಕ್ಕಾ, ಬ್ಯಾಡ" ಅಂದಳು. ಅವಳಿಗೆ ನಾನು ಏನು ಹೇಳಬಹುದೆಂದು ಗೊತ್ತಿತ್ತು. ನಮ್ಮಿಬ್ಬರ ನಡುವೆ ಆ ಮಾತು ಒಂದೇ ಒಂದು ಇತ್ತು, ಆರು ವರ್ಷದಿಂದ ಇಬ್ಬರೂ ಅದನ್ನು ಮುಟ್ಟಿರಲಿಲ್ಲ.

"ಅಮ್ಮ ಸಾಯೋವಾಗ ಕೊನೇ ತಿಂಗಳು ಕಿರಿಮಗಳ ಹತ್ರ ಇರ್ತೀನಿ ಅಂದ್ಲು. ಜಾಗ ಇಲ್ಲ ಅಂದೋಳು ನೀನು. ಅಮ್ಮಂಗೆ ಒಂದು ಚಾಪೆ ಜಾಗ ಕೊಡದೋಳಿಗೆ ಊರು ಥರ್ಟಿ ಫಾರ್ಟಿ ಸೈಟು ಕೊಡ್ತಾ ಐತೆ" ಅಂದೆ.

ಆ ಪಡಸಾಲೆಯಲ್ಲಿ ನಿಜವಾಗಿಯೂ ಜಾಗ ಇರಲಿಲ್ಲ. ನಾಲ್ಕು ಜನ ಒಂದೇ ಮಗ್ಗುಲಿಗೆ ತಿರುಗಿ ಮಲಗಬೇಕಾದ ಜಾಗ ಅದು. ಅದು ನನಗೂ ಗೊತ್ತು, ಅಮ್ಮನಿಗೂ ಗೊತ್ತಿತ್ತು. ಚೆನ್ನಾಜಿ ಅಳಲಿಲ್ಲ. ಕೂತು, ತಾನು ನಿಂತಿದ್ದ ಜಾಗದ ಮೇಲೆ ಅಂಗೈ ಊರಿ, ಗಂಡನಿಗೆ "ಓಬಳೇಶನ್ನ ಕರ್ಕೊಂಡ್ ಬಾ" ಅಂದಳು. ಓಬಳೇಶ ಊರಿನ ಕಲ್ಲುಕುಟಿಗ. ಉಳಿದ ನಾಲ್ಕು ಸೈಟುಗಳಲ್ಲಿ ನಾನು ಏನು ಬೈದೆನೋ ನನಗೆ ಸರಿಯಾಗಿ ಗೊತ್ತಿಲ್ಲ, ಕಲ್ಲಿನ ಮೇಲಿದೆ. ಕೊನೆಗೆ ಪಾಲಾಕ್ಷಪ್ಪನಿಗೆ ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ, ಅದರ ಬಗ್ಗೆ ನನಗೆ ಏನೂ ಬೇಜಾರಿಲ್ಲ.

ಹತ್ತು ದಿನದಲ್ಲಿ ಕೆಳಗಾವಲಿನಲ್ಲಿ ಒಂಬತ್ತು ಜಗಳಗಲ್ಲು ನಿಂತವು. ಇಪ್ಪತ್ತು ಹೆಜ್ಜೆಯ ಲೆಕ್ಕ ಹಾಕಿದರೆ ಅಲ್ಲಿ ಒಂದು ಕೋಳಿಗೂಡು ಕಟ್ಟಲೂ ಜಾಗ ಉಳಿಯಲಿಲ್ಲ. ಎಂಟು ಮನೆಯವರು ಸಮಿತಿಯ ಮುಂದೆ ಹೋಗಿ ಕೂತರು. ಬೇರೆ ನೆಲ ಇದ್ದದ್ದು ದಿಣ್ಣೆ ಒಂದೇ. ಪಾಲಾಕ್ಷಪ್ಪ ಭವನ ಬಿಟ್ಟುಕೊಡಬೇಕಾಯಿತು. ದಿಣ್ಣೆಯ ಮೇಲೆ ನೆರೆ ಬಂದರೆ ಸಮಿತಿ ಹೊಣೆಯಲ್ಲ ಎಂದು ಎಂಟು ಕುಟುಂಬಗಳಿಂದಲೂ ಬರೆಸಿಕೊಂಡ. ನಾನು ಗೂಟಗಳನ್ನು ಕಿತ್ತು ತಂದು ಅವುಗಳ ಗುಂಡಿಯಲ್ಲೇ, ಒಂದೊಂದು ಕಲ್ಲಿಗೆ ಒರಗಿಸಿ ನೆಟ್ಟೆ. ಕಲ್ಲಿಗೆ ತಾಗಿದ ಗೂಟವನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ.

ಚೆನ್ನಾಜಿಗೆ ದಿಣ್ಣೆಯ ಮೇಲೆ ಎರಡು ಕೋಣೆಯ ಮನೆಯಾಯಿತು. ಗೃಹಪ್ರವೇಶಕ್ಕೆ ಊರನ್ನೆಲ್ಲ ಕರೆದಳು. ನನ್ನ ಮನೆಯ ಮುಂದೆ ಹಾದು ಹೋಗಿ ಪಕ್ಕದ ಮನೆಯವರನ್ನು ಕರೆದಳು. ನಾನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ.

ಎರಡನೇ ವರ್ಷ ನೀರು ಬಂತು. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿದ್ದೇನೆ. ನನಗೆ ನೆನಪಿರುವುದು ಇಷ್ಟು. ಒಂದು ಮಧ್ಯಾಹ್ನ ಚೆನ್ನಾಜಿ ನನ್ನ ಪಕ್ಕಕ್ಕೆ ಬಂದು ನಿಂತಳು, ತುಂಬಾ ಹೊತ್ತು ಎದುರಿಗೆ ನೋಡುತ್ತಿದ್ದಳು, ಆಮೇಲೆ ನನ್ನ ಭುಜಕ್ಕೆ ಹಣೆ ಹಚ್ಚಿ ಅತ್ತಳು. "ಮಕ್ಕಳು ಇಲ್ಲೇ ಮಲಗಿರ್ತಿದ್ವು ಅಕ್ಕಾ" ಅಂದಳು. ಅವಳು ಏನನ್ನು ನೋಡುತ್ತಿದ್ದಳೋ ನನ್ನ ತಲೆಯಲ್ಲಿ ಇಲ್ಲ. ನಾನು ಅವಳ ಕೈಗೆ ಪೆನ್ನು ಕೊಟ್ಟು ನೀನೇ ಅಳೆದು ನೀನೇ ಬರಿ ಎಂದೆ. ಪುಸ್ತಕದಲ್ಲಿ ಅವಳ ದುಂಡನೆಯ ಅಕ್ಷರದಲ್ಲಿ ಹೀಗಿದೆ: ಗೂಟ ೩೪, ನೀರು ನನ್ನ ಎದೆಮಟ್ಟ, ಸೀರೆ ನೆನೆಯಿತು. ಆ ಮೂರು ತಿಂಗಳು ಅವಳು ದಿನಾ ನನ್ನ ಮನೆಗೆ ಬಂದಳು. ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದೆವು. ಅಮ್ಮನ ಮಾತನ್ನೂ ಆಡಿದೆವು, ನಾನು ತಪ್ಪಾಯಿತು ಎಂದೆ, ಅವಳು ಬಿಡು ಅಂದಳು. ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿದ್ದ ದಿನಗಳು ಕಡಿಮೆ.

ಮುಂದಿನ ಮೊದಲ ಮಳೆಯ ಮಾರನೇ ದಿನ ದಾರಿಯಲ್ಲಿ ಸಿಕ್ಕಳು. ಮಾತಾಡಿಸಿದೆ, ಮುಖ ತಿರುಗಿಸಿದಳು. ನನ್ನ ಜೊತೆ ಮಾತು ಬಿಟ್ಟದ್ದು ಯಾಕೆಂದು ಅವಳಿಗೆ ಗೊತ್ತು, ನೀರು ಬಂದದ್ದು ಮರೆತಿದ್ದರಿಂದ ಮತ್ತೆ ಮಾತಾಡಿದ್ದು ಯಾಕೆಂದು ಗೊತ್ತಿಲ್ಲ. ತನಗೆ ಬುದ್ಧಿ ಕೆಟ್ಟಿತ್ತೆಂದು ನಾಚಿಕೊಂಡಿರಬೇಕು. ನಾನು ಮನೆಗೆ ಓಡಿ ಪುಸ್ತಕ ತಂದು, ಹಾದಿಯಲ್ಲೇ ತೆರೆದು ಅವಳ ಮುಂದೆ ಹಿಡಿದೆ. ಓದಿದಳು. ಎರಡನೇ ಸಲ ಓದಿದಳು.

"ಅಕ್ಷರ ನಂದೇ" ಅಂದಳು. "ನೀನು ಬಲವಂತ ಮಾಡಿ ಬರೆಸ್ಕೊಂಡಿರ್ತೀಯ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಾಲಾಕ್ಷಪ್ಪ ಹೇಳಿದ್ದರೆ ನಗುತ್ತಿದ್ದೆ. ಇವಳ ಬಾಯಲ್ಲಿ ಕೇಳಿ, ಈ ಊರಿಗೆ ಎಣಿಕೆ ಯಾಕೆ ಬೇಕು, ಮುಳುಗುವವರು ಮುಳುಗಲಿ, ಪುಸ್ತಕಗಳನ್ನೆಲ್ಲ ಒಲೆಗೆ ಹಾಕೋಣ ಅನ್ನಿಸಿತು. ಆದರೂ ಹದಿನೈದು ದಿನ ಕಳೆದ ಮೇಲೆ ಕಬ್ಬಿಣದ ಪಟ್ಟಿ ಹೆಗಲಿಗೆ ಹಾಕಿಕೊಂಡು ಹೊರಟೆ.

ಮೂವತ್ತನಾಲ್ಕನೇ ಗೂಟದ ಹತ್ತಿರ ಚೆನ್ನಾಜಿ ಕೂತಿದ್ದಳು. ಕೈಯಲ್ಲಿ ಮಗಳ ಹಳೇ ನೋಟ್‌ಬುಕ್ಕು, ಪಕ್ಕದಲ್ಲಿ ಒಂದು ಕೋಲು. ನನ್ನ ಮುಖ ನೋಡದೆ, "ನಿನ್ನ ಮಾತು ನಂಬಲ್ಲ. ನಂದೂ ನಂಬಲ್ಲ. ನಾನೇ ಅಳೆದು ಮನೇಲಿ ಇಟ್ಕೋತೀನಿ" ಅಂದಳು. ಮುರಿಗೆಪ್ಪನವರು, ನಾನು, ಸುತ್ತೋಲೆ ಕಳಿಸಿದ ಕಚೇರಿ, ಯಾರಿಗೂ ಹೊಳೆಯದ ಮಾತು ಅದು. ಐವತ್ತು ಚಿಲ್ಲರೆ ವರ್ಷ ಒಬ್ಬರೇ ಎಣಿಸಿದೆವು, ಊರು ನಂಬಲಿಲ್ಲ ಎಂದು ಊರನ್ನು ಬೈದೆವು.

ಈಗ ಎಂಟು ವರ್ಷವಾಯಿತು. ಅರವತ್ತು ಗೂಟಕ್ಕೂ ಬರುತ್ತಾಳೆ. ನಾನು ಮುಂದೆ, ಅವಳು ಇಪ್ಪತ್ತು ಹೆಜ್ಜೆ ಹಿಂದೆ. ನನ್ನ ಮನೆಗೆ ಕಾಲಿಟ್ಟಿಲ್ಲ, ನನ್ನನ್ನು ಅಕ್ಕ ಎಂದು ಕರೆದಿಲ್ಲ, ತನ್ನ ಕಲ್ಲನ್ನು ಹಬ್ಬಕ್ಕೆ ತೊಳೆಯುವುದು ಬಿಟ್ಟಿಲ್ಲ. ಎಂಟು ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತೆಲ್ಲ ಅಂಕಿಗಳೇ. ನಿನ್ನೆ ಕೆಳಗಾವಲಿನಲ್ಲಿ ನಾನು ಕೋಲು ಎತ್ತಿ ಬರೆದುಕೊಂಡು ಪಕ್ಕಕ್ಕೆ ಸರಿದೆ. ಅವಳು ಬಂದು ತನ್ನ ಕೋಲು ಇಳಿಸಿದಳು, ಬಗ್ಗಿ ನೋಡಿದಳು.

"ತೇವ ಒಂದು ಗೇಣು ನಾಲ್ಕು ಬೆರಳು" ಅಂದಳು.

"ನಂದೂ ಅಷ್ಟೇ" ಅಂದೆ.

ಅವಳು ಬರೆದುಕೊಂಡಳು.